ಗಾಳಿ ತೂಗುವ ಕೆಲಸದಲ್ಲಿ ಕಲಿತದ್ದು

ಹೊರಗಿನ ಗಾಳಿಯಲ್ಲಿ ಎಷ್ಟು ಕೊಳೆ ಇದೆ ಎಂದು ಹೇಳುವ ಉಪಕರಣಗಳನ್ನು ಪರೀಕ್ಷಿಸುವುದು ನನ್ನ ಹೊಟ್ಟೆಪಾಡು. ಹೆಚ್ಚಿನ ಕೆಲಸ ಬೆಂಗಳೂರಿನಲ್ಲಿ, ಆಗಾಗ ಉತ್ತರ ಕರ್ನಾಟಕದ ಊರುಗಳಲ್ಲಿ. ಹಿಂದೆಲ್ಲ ಈ ವಿಷಯ ಎತ್ತಿದರೆ ಜನ ಆಕಳಿಸುತ್ತಿದ್ದರು. ಈಗ ಮೊಬೈಲಿನಲ್ಲಿ ಎಕ್ಯೂಐ, ಅಂದರೆ ವಾಯು ಗುಣಮಟ್ಟದ ಸೂಚ್ಯಂಕ, ನೋಡಿಕೊಂಡು ವಾಕಿಂಗಿಗೆ ಹೊರಡುವವರಿದ್ದಾರೆ, ಕೆಲವು ಸಾವಿರ ಕೊಟ್ಟು ಸೆನ್ಸರ್ ತಂದು ಬಾಲ್ಕನಿಗೆ ಕಟ್ಟಿದವರಿದ್ದಾರೆ. ಎಲ್ಲರೂ ಕೇಳುವುದು ಒಂದನ್ನೇ: "ಇದು ಸರಿಯಾಗಿ ತೋರಿಸುತ್ತಾ ಸಾರ್?"

ಹೌದು ಅಥವಾ ಇಲ್ಲ ಎಂದು ಮುಗಿಸಲು ಬರುವ ಪ್ರಶ್ನೆಯಲ್ಲ ಇದು. ಪ್ರತಿ ಮಾಪಕವೂ ಒಂದಲ್ಲ ಒಂದು ಹವೆಯಲ್ಲಿ, ಒಂದಲ್ಲ ಒಂದು ಜಾಗದಲ್ಲಿ ಸೋಲುತ್ತದೆ. ಎಲ್ಲಿ, ಯಾವಾಗ, ಎಷ್ಟು ಸೋಲುತ್ತದೆ ಎಂದು ಮೊದಲೇ ಪತ್ತೆಹಚ್ಚಲು ಪರೀಕ್ಷೆ ಬೇಕು. ಹೊಸದಾಗಿ ಈ ಕೆಲಸಕ್ಕೆ ಬರುವ ಹುಡುಗ ಹುಡುಗಿಯರಿಗೆ ನಾನು ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

1. ಕೊನೆಗೆ ಎಲ್ಲವೂ ತಕ್ಕಡಿಗೇ ಬಂದು ನಿಲ್ಲುತ್ತದೆ

ಪಿಎಂ 2.5 ಎಂದರೆ ಒಂದು ಘನಮೀಟರ್ ಗಾಳಿಯಲ್ಲಿರುವ, 2.5 ಮೈಕ್ರಾನಿಗಿಂತ ಸಣ್ಣ ಕಣಗಳ ತೂಕ. ತೂಕ ಎಂದ ಮೇಲೆ ತೂಗಲೇಬೇಕು. ಶುಭ್ರವಾದ ಫಿಲ್ಟರನ್ನು ತೂಗಿ, ಅದರ ಮೂಲಕ ಒಂದು ಇಡೀ ದಿನ ಗಾಳಿ ಎಳೆದು, ಮತ್ತೆ ತೂಗುವುದು ಇದರ ಮೂಲ ವಿಧಾನ. ಲೇಸರು, ಬೀಟಾ ಕಿರಣ, ಉಪಗ್ರಹ ಎಲ್ಲವೂ ಬೇರೆ ಏನನ್ನೋ ಅಳೆದು ತೂಕವನ್ನು ಊಹಿಸುತ್ತವೆ. ಊಹೆ ಸರಿಯೇ ಎಂದು ನೋಡಲು ಮರಳಿ ಫಿಲ್ಟರಿಗೇ ಬರಬೇಕು.

ಲೆಕ್ಕ ಹಾಕಿ ನೋಡಿ. ನಿಮಿಷಕ್ಕೆ 16.7 ಲೀಟರ್ ಎಳೆಯುವ ಪಂಪು 24 ಗಂಟೆಯಲ್ಲಿ 24 ಘನಮೀಟರ್ ಗಾಳಿ ಎಳೆಯುತ್ತದೆ. 2009ರ ನವೆಂಬರಿನಲ್ಲಿ ಹೊರಬಿದ್ದ ನಮ್ಮ ರಾಷ್ಟ್ರೀಯ ಮಾನದಂಡದಲ್ಲಿ ಪಿಎಂ 2.5ರ ದಿನದ ಮಿತಿ ಘನಮೀಟರಿಗೆ 60 ಮೈಕ್ರೋಗ್ರಾಂ. ಅಷ್ಟು ಮಾಲಿನ್ಯ ಇದ್ದ ದಿನ ಫಿಲ್ಟರಿನ ಮೇಲೆ ಕೂರುವ ದೂಳು 1.44 ಮಿಲಿಗ್ರಾಂ ಮಾತ್ರ. ಮಳೆ ಬಂದು ಗಾಳಿ ತೊಳೆದ ದಿನ ಅದರಲ್ಲಿ ಕಾಲುಭಾಗವೂ ಸಿಗದಿರಬಹುದು. ಇಂಥದ್ದನ್ನು ಹಿಡಿಯಲು ಒಂದು ಮೈಕ್ರೋಗ್ರಾಂವರೆಗೆ ಓದುವ ತಕ್ಕಡಿ ಬೇಕು. ಆ ಮಟ್ಟಕ್ಕೆ ಇಳಿದರೆ ಬಾಗಿಲು ತೆರೆದ ಗಾಳಿಯೂ ತೂಕವೇ, ಫಿಲ್ಟರಿನಲ್ಲಿ ಕೂತ ಸ್ಥಿರವಿದ್ಯುತ್ತೂ ತೂಕವೇ.

ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ವಿಧಾನದಲ್ಲಿ ಫಿಲ್ಟರನ್ನು ತೂಗುವ ಮುನ್ನ 20ರಿಂದ 23 ಡಿಗ್ರಿ ಉಷ್ಣತೆ, ಶೇ 30ರಿಂದ 40 ತೇವಾಂಶ ಇರುವ ಕೋಣೆಯಲ್ಲಿ 24 ಗಂಟೆ ಇಡಬೇಕು. ಜುಲೈ ತಿಂಗಳಿನ ನಮ್ಮ ಹವೆಯಲ್ಲಿ ಶೇ 35 ತೇವಾಂಶದ ಕೋಣೆಯನ್ನು ಹಗಲೂ ರಾತ್ರಿ ಕಾಯ್ದುಕೊಳ್ಳುವುದು ಉಪಕರಣ ಕೊಳ್ಳುವುದಕ್ಕಿಂತ ಕಷ್ಟ. ಕರೆಂಟು ಹೋಗಿ ಎಸಿ ನಿಂತರೆ ಒಳಗಿರುವ ಫಿಲ್ಟರುಗಳೆಲ್ಲ ನೀರು ಕುಡಿಯಲು ಶುರುಮಾಡುತ್ತವೆ. ಪ್ರಸ್ತಾವನೆ ಬರೆಯುವಾಗ ಉಪಕರಣದ ಬೆಲೆಗೆ ಒಂದು ಸಾಲು, ತೂಗುವ ಕೋಣೆಗೆ ಇನ್ನೊಂದು ಸಾಲು ಬೇಕೆಂದು ನಾನು ಜಗಳ ಆಡುವುದು ಇದಕ್ಕೇ.

ಖಾಲಿ ಫಿಲ್ಟರನ್ನು ಮರೆಯಬೇಡಿ. ಪ್ರತಿ ಸುತ್ತಿನಲ್ಲೂ ಒಂದು ಫಿಲ್ಟರನ್ನು ಉಳಿದವುಗಳ ಜೊತೆ ಡಬ್ಬಿಯಲ್ಲಿ ಒಯ್ದು, ಉಪಕರಣದಲ್ಲಿ ಕೂರಿಸಿ, ಗಾಳಿ ಎಳೆಯದೆ ವಾಪಸ್ ತಂದು ತೂಗಬೇಕು. ಅದರ ತೂಕ ಏರಿದ್ದರೆ ಆ ಏರಿಕೆ ನಿಮ್ಮ ಕೈಯದು, ಡಬ್ಬಿಯದು, ಪ್ರಯಾಣದ್ದು, ಊರಿನ ಗಾಳಿಯದಲ್ಲ.

2. ವಾಚ್‌ಮನ್‌ಗೆ ಗೊತ್ತಿರುವುದು ನಕ್ಷೆಗೆ ಗೊತ್ತಿರುವುದಿಲ್ಲ

ಜಾಗದ ಬಗ್ಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸೂಚನೆ ಸ್ಪಷ್ಟವಾಗಿದೆ. ಗಾಳಿ ಒಳಸೇರುವ ಬಾಯಿ ನೆಲದಿಂದ 3ರಿಂದ 10 ಮೀಟರ್ ಎತ್ತರದಲ್ಲಿರಬೇಕು. ಮರಗಳಿಂದ 20 ಮೀಟರಿಗಿಂತ ದೂರ ಇರಬೇಕು. ನಾಲ್ಕು ದಿಕ್ಕಿನಲ್ಲಿ ಮೂರು ದಿಕ್ಕಾದರೂ ಗಾಳಿಗೆ ತೆರೆದಿರಬೇಕು. ಹತ್ತಿರದಲ್ಲಿ ಕುಲುಮೆಯ ಹೊಗೆಕೊಳವೆ ಇರಬಾರದು. ಇಷ್ಟನ್ನೂ ಕೊಡುವ ತಾರಸಿಯನ್ನು ನಮ್ಮ ಪೇಟೆಗಳಲ್ಲಿ ಹುಡುಕಿ ನೋಡಿ! ಸಿಗುವ ತಾರಸಿಯಲ್ಲಿ ನೀರಿನ ಟ್ಯಾಂಕು ಇರುತ್ತದೆ, ಮೂಲೆಯಲ್ಲಿ ಜನರೇಟರಿನ ಕೊಳವೆ ಮೇಲೆದ್ದಿರುತ್ತದೆ, ಕೆಳಗೆ ಕ್ಯಾಂಟೀನು, ಹಿಂಬದಿಯಲ್ಲಿ ತರಗೆಲೆ ಗುಡಿಸಿ ಬೆಂಕಿ ಹಚ್ಚುವ ಜಾಗ.

ಒಂದು ಕೇಂದ್ರದ ದತ್ತಾಂಶದಲ್ಲಿ ಬೆಳಿಗ್ಗೆ ಏಳರ ಸುಮಾರಿಗೆ ಚೂಪಾದ ಏರಿಕೆ ಕಾಣುತ್ತಿತ್ತು. ಗಂಟೆಯ ಸರಾಸರಿ ನೋಡಿದವರು ಅದನ್ನು ವಾಹನಗಳ ಲೆಕ್ಕಕ್ಕೆ ಬರೆದುಕೊಂಡಿದ್ದರು. ನಿಮಿಷದ ದತ್ತಾಂಶ ತೆಗೆದಾಗ ಏರಿಕೆ ಕೆಲವೇ ನಿಮಿಷದ್ದು, ದಿನವೂ ಅದೇ ಹೊತ್ತಿನದು. ಕೆಳಗಿನ ದರ್ಶಿನಿಯಲ್ಲಿ ಸಾಂಬಾರಿಗೆ ಒಗ್ಗರಣೆ ಬೀಳುವ ಹೊತ್ತು ಅದು. ಎಣ್ಣೆಯ ಹೊಗೆ ಪಿಎಂ 2.5 ಹೌದು, ಆದರೆ ಆ ಬಡಾವಣೆಯ ಜನ ಉಸಿರಾಡುವ ಗಾಳಿ ಅದಲ್ಲ.

ಹಾಗಾಗಿ ಉಪಕರಣ ಕೂರಿಸುವ ಮುನ್ನ ಆ ಜಾಗದಲ್ಲಿ ಒಂದು ಬೆಳಿಗ್ಗೆ, ಒಂದು ಸಂಜೆ, ಸಾಧ್ಯವಾದರೆ ಒಂದು ರಾತ್ರಿ ಕೂರಿ. ಕಸ ಯಾವಾಗ ಸುಡುತ್ತಾರೆ, ಜನರೇಟರ್ ಯಾವಾಗ ಓಡುತ್ತದೆ, ಬೋರ್‌ವೆಲ್ ಲಾರಿ ಎಲ್ಲಿ ನಿಲ್ಲುತ್ತದೆ ಎಂದು ವಾಚ್‌ಮನ್‌ನನ್ನು ಕೇಳಿ. ಹತ್ತು ನಿಮಿಷದ ಆ ಮಾತುಕತೆಯನ್ನು ಯಾವ ಸಾಫ್ಟ್‌ವೇರೂ ಕೊಡುವುದಿಲ್ಲ.

3. ಬೆಂಗಳೂರು ಸಮುದ್ರದಂಡೆಯಲ್ಲಿಲ್ಲ

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಇಲ್ಲಿಯ ವಾಯುಭಾರ ಮಂಗಳೂರಿಗಿಂತ ಸರಿಸುಮಾರು ಶೇ 10 ಕಡಿಮೆ. ಉಪಕರಣ ತಾನು ಎಳೆದ ಗಾಳಿಯನ್ನು ಇಲ್ಲಿಯ ನಿಜ ಒತ್ತಡದಲ್ಲಿ ಲೆಕ್ಕ ಹಾಕುತ್ತಿದೆಯೋ ಅಥವಾ ಸಮುದ್ರಮಟ್ಟದ ಒತ್ತಡಕ್ಕೆ ಪರಿವರ್ತಿಸಿ ಹಾಕುತ್ತಿದೆಯೋ ಎಂಬ ಒಂದು ಸೆಟ್ಟಿಂಗಿನ ಮೇಲೆ ಫಲಿತಾಂಶ ಅಷ್ಟೇ ಪ್ರಮಾಣದಲ್ಲಿ ಏರುಪೇರಾಗುತ್ತದೆ. ಹಲವು ಉಪಕರಣಗಳು ಒಂದು ಸೆಟ್ಟಿಂಗಿನಲ್ಲಿ ಬರುತ್ತವೆ, ಬಂದಂತೆಯೇ ಓಡುತ್ತವೆ.

ತೊಂದರೆ ಲೆಕ್ಕದಲ್ಲಿ ಮುಗಿಯುವುದಿಲ್ಲ. ಕಣಗಳನ್ನು ಗಾತ್ರದಂತೆ ಬೇರ್ಪಡಿಸುವ ಸೈಕ್ಲೋನ್ ಒಂದು ನಿರ್ದಿಷ್ಟ ವೇಗದ ಗಾಳಿಗೆ ಮಾಡಿದ್ದು. ಗಾಳಿ ಹೆಚ್ಚು ವೇಗದಲ್ಲಿ ನುಗ್ಗಿದರೆ 2.5 ಮೈಕ್ರಾನಿಗಿಂತ ಸಣ್ಣ ಕಣಗಳೂ ಹೊರಗೇ ಉಳಿಯುತ್ತವೆ, ನಿಧಾನವಾದರೆ ದಪ್ಪ ಕಣಗಳು ಒಳನುಸುಳುತ್ತವೆ. ಹೊರಗಿನಿಂದ ತಂದ ಹರಿವುಮಾಪಕದಿಂದ ತಿಂಗಳಿಗೊಮ್ಮೆ ಪರೀಕ್ಷಿಸಿ. ಉಪಕರಣದ ಪರದೆಯ ಮೇಲೆ 16.7 ಎಂದು ಕಾಣುವುದು ಸಾಕ್ಷಿಯಲ್ಲ. ಆರೋಪಿಯೇ ತನ್ನ ಪರವಾಗಿ ಹೇಳಿದ ಮಾತು ಅದು.

4. ಸೊನ್ನೆಗಿಂತ ಕೆಳಗಿನ ಅಂಕಿಯನ್ನು ಅಳಿಸಬೇಡಿ

ಸರ್ಕಾರದ ಸ್ವಯಂಚಾಲಿತ ಕೇಂದ್ರಗಳಲ್ಲಿ ಕಣಗಳಿಗೆ ಹೆಚ್ಚಾಗಿ ಇರುವುದು ನಾವು "ಬ್ಯಾಮ್" ಎನ್ನುವ ಯಂತ್ರ. ಕಾಗದದ ಟೇಪಿನ ಮೇಲೆ ದೂಳು ಕೂರಿಸಿ, ಅದರ ಮೂಲಕ ಬೀಟಾ ಕಿರಣ ಹಾಯಿಸಿ, ಎಷ್ಟು ಕಿರಣ ತಡೆಯಲ್ಪಟ್ಟಿತು ಎಂಬುದರಿಂದ ತೂಕ ಹೇಳುತ್ತದೆ. ಗಂಟೆಗೊಂದು ಅಂಕಿ. ಗಾಳಿ ಬಹಳ ಚೊಕ್ಕಟವಾಗಿದ್ದಾಗ ಆ ಅಂಕಿ −2, −3 ಎಂದು ಬರುವುದುಂಟು. ದೂಳಿನ ತೂಕ ಸೊನ್ನೆಗಿಂತ ಕಡಿಮೆ ಇರಲು ಸಾಧ್ಯವೇ ಎಂದು ಹೊಸಬರು ಅದನ್ನು ಅಳಿಸುತ್ತಾರೆ. ಯಂತ್ರದ ಗದ್ದಲ ಎರಡೂ ಕಡೆ ತೂಗಾಡುತ್ತದೆ. ಕೆಳಗಿನ ಕಡೆಯದನ್ನು ಮಾತ್ರ ಕತ್ತರಿಸಿದರೆ ಸರಾಸರಿ ಸುಮ್ಮನೆ ಮೇಲೇರುತ್ತದೆ. ಮಡಿಕೇರಿಯಂಥ ಕಡೆ ಮಳೆಗಾಲದ ತಿಂಗಳಿನ ಸರಾಸರಿಯನ್ನು ಕೆಡಿಸಲು ಇಷ್ಟು ಸಾಕು.

5. ಬೆಳಕು ನೋಡುವುದು ಕಣವನ್ನು, ತೂಕವನ್ನಲ್ಲ

ಅಗ್ಗದ ಸೆನ್ಸರಿನೊಳಗೆ ಒಂದು ಸಣ್ಣ ಫ್ಯಾನು, ಒಂದು ಲೇಸರು, ಚದುರಿದ ಬೆಳಕನ್ನು ಹಿಡಿಯುವ ಒಂದು ಡಯೋಡು ಇರುತ್ತದೆ. ಅಷ್ಟರಲ್ಲೇ ಮಾಡಿಮುಗಿಸಿದ ಚಾತುರ್ಯ ಮೆಚ್ಚುವಂಥದ್ದು. ನಾನು ಇವುಗಳ ವಿರೋಧಿಯಲ್ಲ. ಆದರೆ ಬೆಳಕು ಚದುರುವುದು ಕಣದ ಗಾತ್ರ, ಬಣ್ಣ, ಒಳಗಿನ ನೀರು ಎಲ್ಲವನ್ನೂ ಅವಲಂಬಿಸಿದೆ. ಹೀಗಾಗಿ ಮೂರು ಕಡೆ ಇದು ಎಡವುತ್ತದೆ.

ಮೊದಲನೆಯದು ತೇವಾಂಶ. ಗಾಳಿಯಲ್ಲಿರುವ ಸೂಕ್ಷ್ಮಕಣಗಳಲ್ಲಿ ಅಮೋನಿಯಂ ಸಲ್ಫೇಟಿನಂಥ ಲವಣಗಳ ಪಾಲು ದೊಡ್ಡದು. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಡಬ್ಬಿ ಜಿನುಗುವಂತೆ, ತೇವಾಂಶ ಶೇ 80ರ ಆಸುಪಾಸು ತಲುಪಿದಾಗ ಇವು ನೀರು ಹೀರಿ ಹನಿಯಾಗಿ ಉಬ್ಬುತ್ತವೆ. ಸೆನ್ಸರಿಗೆ ಅದು ದೊಡ್ಡ ಕಣ, ಹಾಗಾಗಿ ಹೆಚ್ಚು ಮಾಲಿನ್ಯ. ಬ್ಯಾಮ್ ಯಂತ್ರದ ಕೊಳವೆಯಲ್ಲಿ ಹೀಟರ್ ಇದ್ದು ನೀರನ್ನು ಓಡಿಸುತ್ತದೆ. ಡಿಸೆಂಬರಿನ ಮಂಜು ಮುಸುಕಿದ ಬೆಳಿಗ್ಗೆ ಬಾಲ್ಕನಿಯ ಸೆನ್ಸರು ಹತ್ತಿರದ ಸರ್ಕಾರಿ ಕೇಂದ್ರಕ್ಕಿಂತ ಬಹಳ ಹೆಚ್ಚು ತೋರಿಸಿದರೆ ಮೊದಲು ತೇವಾಂಶ ನೋಡಿ. ಯಾರೋ ಅಂಕಿ ಮುಚ್ಚಿಡುತ್ತಿದ್ದಾರೆ ಎಂಬ ಅನುಮಾನ ಆಮೇಲೆ. ಹಾಗೆಂದು ಹೀಟರ್ ಇದ್ದರೆ ಎಲ್ಲ ಸರಿ ಎಂದೂ ಅಲ್ಲ. ಬಿಸಿಗೆ ಅಮೋನಿಯಂ ನೈಟ್ರೇಟ್ ಆವಿಯಾಗಿ ಹೋಗುತ್ತದೆ, ಆಗ ಬ್ಯಾಮ್ ಕಡಿಮೆ ಓದುತ್ತದೆ.

ಎರಡನೆಯದು ಹೊಸ ಡೀಸೆಲ್ ಹೊಗೆ. ಎಂಜಿನ್ನಿನಿಂದ ಆಗಷ್ಟೇ ಹೊರಬಿದ್ದ ಮಸಿಯ ಕಣಗಳು ಬಹುಪಾಲು 0.1 ಮೈಕ್ರಾನಿನ ಆಸುಪಾಸು ಅಥವಾ ಅದಕ್ಕಿಂತ ಸಣ್ಣವು. ಇಂಥ ಸೆನ್ಸರುಗಳಿಗೆ 0.3 ಮೈಕ್ರಾನಿಗಿಂತ ಕೆಳಗೆ ಕಣ್ಣು ಮಂಜು. ಸಿಲ್ಕ್ ಬೋರ್ಡ್ ಜಂಕ್ಷನ್ನಿನಂಥ ಕಡೆ, ಬಸ್ಸಿನ ಹಿಂದೆ ನಿಂತು ಕೆಮ್ಮುವಾಗ ಕೈಯಲ್ಲಿರುವ ಮಾಪಕ ಅಷ್ಟೇನೂ ಏರದಿದ್ದರೆ ಆಶ್ಚರ್ಯಪಡಬೇಡಿ.

ಮೂರನೆಯದು ಇದರ ತದ್ವಿರುದ್ಧ, ದಪ್ಪ ದೂಳು. ನಮ್ಮ ಕಡೆ ಹೆಚ್ಚು ಕಾಡುವುದು ಇದೇ. ಈ ಪೆಟ್ಟಿಗೆಗಳು ಪಿಎಂ 10 (10 ಮೈಕ್ರಾನಿನವರೆಗಿನ ಕಣಗಳ ತೂಕ) ಎಂದೂ ಒಂದು ಅಂಕಿ ತೋರಿಸುತ್ತವೆ. ದಪ್ಪ ಕಣಗಳು ಆ ಸಣ್ಣ ಫ್ಯಾನಿನ ಎಳೆತಕ್ಕೆ ಲೇಸರಿನವರೆಗೆ ಸರಿಯಾಗಿ ಬರುವುದೇ ಇಲ್ಲ. ತೋರುವ ಪಿಎಂ 10 ಬಹುಮಟ್ಟಿಗೆ ಸಣ್ಣ ಕಣಗಳಿಂದ ಲೆಕ್ಕಹಾಕಿದ್ದು. ಏಪ್ರಿಲ್ ತಿಂಗಳಲ್ಲಿ ಬಳ್ಳಾರಿ ಕಡೆ ಅದಿರು ಲಾರಿಗಳು ಓಡುವ ರಸ್ತೆಯ ಪಕ್ಕ ನಿಂತರೆ ಅಂಗಿಯೇ ಕೆಂಪಾಗುತ್ತದೆ, ಪೆಟ್ಟಿಗೆ ಮಾತ್ರ ತಣ್ಣಗಿರುತ್ತದೆ. ಕಲ್ಲುಕ್ವಾರಿ, ಅದಿರು, ರಸ್ತೆದೂಳು ಮುಖ್ಯವಾಗಿರುವ ಊರಿನಲ್ಲಿ ಬರೀ ಅಗ್ಗದ ಸೆನ್ಸರುಗಳ ಜಾಲ ಹಾಕಿ "ನಮ್ಮ ಗಾಳಿ ಪರವಾಗಿಲ್ಲ" ಎಂದು ವರದಿ ಬರೆಯುವುದು ಜನರಿಗೆ ಮಾಡುವ ಅನ್ಯಾಯ. ಅಲ್ಲಿ ಪಿಎಂ 10 ಫಿಲ್ಟರ್ ಯಂತ್ರ ಹಳೆಯದಾದರೂ ಅದೇ ಬೇಕು.

6. ಬೇರೆಯವರ ಸೂತ್ರ ಬೇರೆಯವರ ಗಾಳಿಯದು

ಸೆನ್ಸರಿನ ಓದನ್ನು ತಿದ್ದಲು ಸೂತ್ರಗಳಿವೆ. ಪರ್ಪಲ್‌ಏರ್ ಎಂಬ ಸೆನ್ಸರಿಗೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯವರು ಮಾಡಿ 2021ರಲ್ಲಿ ಪ್ರಕಟಿಸಿದ ಸೂತ್ರ ಪ್ರಸಿದ್ಧ. ಸೆನ್ಸರಿನ ಓದನ್ನು 0.524ರಿಂದ ಗುಣಿಸಿ, ತೇವಾಂಶದ ಶೇಕಡಾವನ್ನು 0.0862ರಿಂದ ಗುಣಿಸಿ ಅದರಲ್ಲಿ ಕಳೆದು, 5.75 ಕೂಡಿಸಬೇಕು. ಸೆನ್ಸರು 100 ಎಂದಾಗ, ತೇವಾಂಶ ಶೇ 60 ಇದ್ದರೆ, ಉತ್ತರ ಸುಮಾರು 53. ಹೆಚ್ಚು ಕಡಿಮೆ ಅರ್ಧ! ಒಳ್ಳೆಯ ಸೂತ್ರ, ಅಲ್ಲಿಯ ಗಾಳಿಗೆ. ನಮ್ಮಲ್ಲಿ ಕಸದ ಹೊಗೆ, ಸೌದೆ ಹೊಗೆ, ಡೀಸೆಲು, ಕಟ್ಟಡದ ದೂಳು ಬೆರೆತಿರುವ ಪ್ರಮಾಣವೇ ಬೇರೆ. ದೆಹಲಿಯಲ್ಲಿ ಮಾಡಿದ ಸೂತ್ರವೂ ಬೆಂಗಳೂರಿಗೆ ಹಾಗೇ ಹೊಂದುವುದಿಲ್ಲ.

ಆದ್ದರಿಂದ ಜೊತೆಗೂಡಿಸಿ ಓಡಿಸಬೇಕು: ಪ್ರಮಾಣಿತ ಯಂತ್ರದ ಬಾಯಿಯ ಪಕ್ಕದಲ್ಲೇ, ಅದೇ ಎತ್ತರದಲ್ಲಿ ಸೆನ್ಸರುಗಳನ್ನು ಕಟ್ಟಿ ವಾರಗಟ್ಟಲೆ ಬಿಡುವುದು. 2021ರ ಅಮೆರಿಕದ ಮಾರ್ಗಸೂಚಿ ಕನಿಷ್ಠ ಮೂರು ಸೆನ್ಸರು, 30 ದಿನ ಎನ್ನುತ್ತದೆ. ಅದನ್ನೂ ಬೇರೆ ಬೇರೆ ಹವೆಯಲ್ಲಿ ಎರಡು ಸಲ. ಮೂರು ಏಕೆಂದರೆ ಒಂದೇ ಪೆಟ್ಟಿಗೆಯಿಂದ ಬಂದ ಮೂರೂ ಒಂದೇ ಮಾತು ಹೇಳುತ್ತವೆಯೇ ಎಂದು ಮೊದಲು ನೋಡಬೇಕು. ನಮ್ಮ ಹವೆಗೆ ನಾನಾದರೆ ಮೂರು ಸಲ ಎನ್ನುತ್ತೇನೆ: ಚಳಿಗಾಲ, ಬಿರುಬೇಸಿಗೆ, ಮುಂಗಾರು. ಜನವರಿಯಲ್ಲಿ ಕಲಿತ ಸೂತ್ರ ಜುಲೈನಲ್ಲಿ ತಡವರಿಸುತ್ತದೆ.

ಮಾರುವವರ ಕರಪತ್ರದಲ್ಲಿ ಎರಡು ಮಾಪಕಗಳ ಓದು ಎಷ್ಟು ಜೊತೆಯಾಗಿ ಏರಿಳಿಯುತ್ತದೆ ಎಂದು ಹೇಳುವ ಆರ್-ಸ್ಕ್ವೇರ್ 0.9 ಎಂದು ದಪ್ಪಕ್ಷರದಲ್ಲಿರುತ್ತದೆ. ಎರಡು ಪ್ರಶ್ನೆ ಕೇಳಿ. ಇಳಿಜಾರು ಎಷ್ಟು? ಸದಾ ಸರಿಯಾಗಿ ಎರಡುಪಟ್ಟು ಓದುವ ಮಾಪಕಕ್ಕೆ ಆರ್-ಸ್ಕ್ವೇರ್ ಒಂದಕ್ಕೆ ಒಂದು ಬರುತ್ತದೆ, ಓದು ಮಾತ್ರ ಪೂರ್ತಿ ತಪ್ಪು. ಎಲ್ಲಿ ಪರೀಕ್ಷಿಸಿದ್ದು? ಚಳಿಗಾಲದ ದೆಹಲಿಯಲ್ಲಿ ಅಂಕಿ ಹತ್ತಾರರಿಂದ ನೂರಾರಕ್ಕೆ ಜಿಗಿಯುತ್ತದೆ, ಅಂಥ ಹರವಿನಲ್ಲಿ ಯಾವ ಮಾಪಕವೂ ಚೆನ್ನಾಗಿ ಕಾಣುತ್ತದೆ. ಅದೇ ಮಾಪಕವನ್ನು ಬೆಂಗಳೂರಿನ ಸಣ್ಣ ಏರಿಳಿತದಲ್ಲಿಟ್ಟರೆ ಅಂಕ ಕುಸಿಯುತ್ತದೆ.

ತಿದ್ದುವ ಸೂತ್ರವನ್ನು ಕಂಪ್ಯೂಟರಿಗೆ ಕಲಿಸುವ ಯಂತ್ರಕಲಿಕೆಯ ಹುಡುಗರಿಗೆ ಒಂದು ಮಾತು. ದತ್ತಾಂಶವನ್ನು ಚೀಟಿ ಎತ್ತಿದಂತೆ ಕಲಸಿ, ಶೇ 80ರಲ್ಲಿ ಕಲಿಸಿ, ಉಳಿದ ಶೇ 20ರಲ್ಲಿ ಪರೀಕ್ಷಿಸಿದರೆ ಫಲಿತಾಂಶ ಅದ್ಭುತವಾಗಿ ಬಂದೇ ಬರುತ್ತದೆ. ಹತ್ತು ಗಂಟೆಯ ಗಾಳಿ ಹನ್ನೊಂದು ಗಂಟೆಯ ಗಾಳಿಯಂತೆಯೇ ಇರುತ್ತದೆ. ಉತ್ತರಪತ್ರಿಕೆ ತೋರಿಸಿ ಪರೀಕ್ಷೆ ನಡೆಸಿದ ಹಾಗಾಯಿತು. ಒಂದು ಇಡೀ ತಿಂಗಳನ್ನು, ಆಗದಿದ್ದರೆ ಒಂದು ಇಡೀ ಜಾಗವನ್ನು ಪಕ್ಕಕ್ಕಿಟ್ಟು ಅದರ ಮೇಲೆ ಪರೀಕ್ಷಿಸಿ. ಅಂಕ ಇಳಿಯುತ್ತದೆ. ಇಳಿದ ಅಂಕವನ್ನೇ ವರದಿಯಲ್ಲಿ ಬರೆಯಿರಿ.

7. ಅನಿಲಗಳ ಕಥೆ ಇನ್ನೂ ಜಟಿಲ

ನೈಟ್ರೋಜನ್ ಡೈಆಕ್ಸೈಡಿನ ಅಗ್ಗದ ವಿದ್ಯುತ್-ರಾಸಾಯನಿಕ ಸೆನ್ಸರು ಓಝೋನಿಗೂ ಸ್ಪಂದಿಸುತ್ತದೆ. ಓಝೋನನ್ನು ತಡೆಯಲು ಇಟ್ಟ ಫಿಲ್ಟರು ಕಾಲಕ್ರಮದಲ್ಲಿ ಸವೆಯುತ್ತದೆ. ಉಷ್ಣತೆಗೂ ಸೆನ್ಸರು ಜಗ್ಗುತ್ತದೆ. ಬಿಸಿಲೂ ಓಝೋನೂ ಎರಡೂ ಏರುವುದು ಮಧ್ಯಾಹ್ನವೇ ಆದ್ದರಿಂದ ತಿದ್ದುವ ಸೂತ್ರ ಬಿಸಿಲನ್ನೇ ಮಾಲಿನ್ಯವೆಂದು ಕಲಿತುಬಿಡಬಹುದು. ದುಬಾರಿ ಯಂತ್ರವೂ ಶುದ್ಧಹಸ್ತವಲ್ಲ. ಮಾಲಿಬ್ಡಿನಂ ಪರಿವರ್ತಕ ಇರುವ ಯಂತ್ರ ನೈಟ್ರಿಕ್ ಆಮ್ಲದ ಆವಿಯಂಥವನ್ನೂ ನೈಟ್ರೋಜನ್ ಡೈಆಕ್ಸೈಡ್ ಎಂದೇ ಎಣಿಸುತ್ತದೆ. ಇನ್ನು ಕೈಯಿಂದ ನಡೆಸುವ ಕೇಂದ್ರಗಳಲ್ಲಿ ಗಾಳಿಯನ್ನು ದ್ರಾವಣದಲ್ಲಿ ಗುಳುಗುಳು ಹಾಯಿಸಿ ಪ್ರಯೋಗಾಲಯಕ್ಕೆ ಒಯ್ಯುತ್ತಾರೆ. ಕಲಬುರಗಿಯ ಮೇ ತಿಂಗಳ ಬಿಸಿಲಿನಲ್ಲಿ ಆ ಬಾಟಲಿಯನ್ನು ಐಸ್ ಪೆಟ್ಟಿಗೆಯಿಲ್ಲದೆ ಬೈಕಿನ ಮೇಲೆ ಸಾಗಿಸಿದರೆ ಗಂಧಕದ ಡೈಆಕ್ಸೈಡ್ ದಾರಿಯಲ್ಲೇ ಕಡಿಮೆಯಾಗುತ್ತದೆ.

8. ಅರ್ಧ ಗಂಟೆಯ ಗ್ರಹಚಾರ

ಸೆನ್ಸರಿನ ಸರ್ವರು ಗ್ರೀನಿಚ್ ಸಮಯದಲ್ಲಿ ಬರೆಯುತ್ತದೆ, ಸರ್ಕಾರಿ ಕೇಂದ್ರ ಭಾರತೀಯ ಸಮಯದಲ್ಲಿ. ನಡುವೆ ಐದೂವರೆ ಗಂಟೆ. ಆ ಅರ್ಧವೇ ಸಮಸ್ಯೆ. ಸರ್ವರು ಒಮ್ಮೆ ಗಂಟೆಯ ಸರಾಸರಿ ಮಾಡಿಟ್ಟರೆ ಅದು ನಮ್ಮ ಎಂಟೂವರೆಯಿಂದ ಒಂಬತ್ತೂವರೆಯದಾಗುತ್ತದೆ. ಎಂಟರಿಂದ ಒಂಬತ್ತರದನ್ನು ಅದರಿಂದ ಮರಳಿ ಪಡೆಯಲಾಗದು. ಮೂಲ ನಿಮಿಷದ ದತ್ತಾಂಶ ಉಳಿಸಿಕೊಳ್ಳಿ. "9 ಗಂಟೆ" ಎಂಬ ಸಾಲು ಒಂಬತ್ತಕ್ಕೆ ಮುಗಿದ ಗಂಟೆಯೋ ಒಂಬತ್ತಕ್ಕೆ ಶುರುವಾದ ಗಂಟೆಯೋ ಎಂದೂ ಕೇಳಿ.

9. ಜೇಡ, ಇರುವೆ, ಕಣಜ

ಸೆನ್ಸರಿನ ಪುಟ್ಟ ರಂಧ್ರ, ಬೆಚ್ಚನೆಯ ಪೆಟ್ಟಿಗೆ. ಜೇಡಕ್ಕೆ ಮನೆ, ಕಣಜಕ್ಕೆ ಮಣ್ಣಿನ ಗೂಡು ಕಟ್ಟಲು ಹದವಾದ ಜಾಗ. ಅಂಕಿ ದಿನದಿನವೂ ನಿಧಾನವಾಗಿ ಇಳಿಯುತ್ತಿದ್ದರೆ ಬಾಯಿ ಕಟ್ಟಿದೆ. ಒಮ್ಮೆಲೇ ಏರಿ ಅಲ್ಲೇ ನಿಂತರೆ ಒಳಗೆ ಯಾರೋ ಸೇರಿದ್ದಾರೆ. ಸಣ್ಣ ಕಣ್ಣಿನ ಸ್ಟೀಲ್ ಜಾಲರಿ ಹಾಕಿ, ಹಾಕಿದ ಮೇಲೆ ಮತ್ತೆ ಪ್ರಮಾಣಿತ ಯಂತ್ರದ ಪಕ್ಕ ಇಟ್ಟು ನೋಡಿ.

10. ಎಕ್ಯೂಐ ಅಳತೆಯಲ್ಲ, ಅಳತೆಗಳ ಮೇಲೆ ಮಾಡಿದ ಲೆಕ್ಕ

2015ರಲ್ಲಿ ಜಾರಿಗೆ ಬಂದ ನಮ್ಮ ಸೂಚ್ಯಂಕಕ್ಕೆ ಕನಿಷ್ಠ ಮೂರು ಮಾಲಿನ್ಯಕಾರಕಗಳ ಅಂಕಿ ಬೇಕು, ಅದರಲ್ಲೊಂದು ಪಿಎಂ 2.5 ಅಥವಾ ಪಿಎಂ 10 ಆಗಿರಬೇಕು, 16 ಗಂಟೆಯ ದತ್ತಾಂಶವಾದರೂ ಇರಬೇಕು. ಎಲ್ಲಕ್ಕಿಂತ ಕೆಟ್ಟ ಉಪಸೂಚ್ಯಂಕವೇ ಆ ದಿನದ ಎಕ್ಯೂಐ. ಕಣಗಳಿಗೆ 24 ಗಂಟೆಯ ಸರಾಸರಿ. ಒಂದೇ ಸೆನ್ಸರಿನ ಈ ಕ್ಷಣದ ಓದಿನಿಂದ ಆ್ಯಪ್ ತೋರಿಸುವ "ಎಕ್ಯೂಐ" ಇದಲ್ಲ. ಹಲವು ಆ್ಯಪುಗಳು ಅಮೆರಿಕದ ಅಳತೆಪಟ್ಟಿ ಬಳಸುತ್ತವೆ. ಪಿಎಂ 2.5 ದಿನಕ್ಕೆ 60 ಮೈಕ್ರೋಗ್ರಾಂ ಇದ್ದಾಗ ನಮ್ಮ ಪಟ್ಟಿಯಲ್ಲಿ ಅದು 100, ಅಂದರೆ "ತೃಪ್ತಿಕರ". ಅಮೆರಿಕದ ಪಟ್ಟಿಯಲ್ಲಿ 150 ದಾಟಿ "ಅನಾರೋಗ್ಯಕರ". ಗಾಳಿ ಒಂದೇ. ಇಬ್ಬರು ನೆರೆಯವರು ಎರಡು ಆ್ಯಪ್ ಹಿಡಿದು ವಾದಿಸುವುದನ್ನು ಕಂಡರೆ ಮೊದಲು ಮೈಕ್ರೋಗ್ರಾಂ ಎಷ್ಟು ಎಂದು ಕೇಳಿ.

11. ವಿಚಿತ್ರ ಅಂಕಿಯನ್ನು ಸಾಫ್ಟ್‌ವೇರಿನ ಕೈಗೆ ಬಿಡಬೇಡಿ

ದತ್ತಾಂಶ ಶುಚಿಗೊಳಿಸುವ ಕೋಡು ಸಾಮಾನ್ಯ ಮಿತಿ ದಾಟಿದ್ದನ್ನೆಲ್ಲ ದೋಷವೆಂದು ಎಸೆಯುತ್ತದೆ. ದೀಪಾವಳಿಯ ರಾತ್ರಿ ಗಾಳಿ ನಿಜಕ್ಕೂ ಮಿತಿ ದಾಟುತ್ತದೆ. ಆ ರಾತ್ರಿಯ ಫಿಲ್ಟರಿನಲ್ಲಿ ಹಸಿರು, ಕೆಂಪು ಪಟಾಕಿಗಳ ಬೇರಿಯಂ, ಸ್ಟ್ರಾನ್ಷಿಯಂ ಸಿಗುತ್ತವೆ. ವರ್ಷದಲ್ಲಿ ಅತಿ ಮುಖ್ಯವಾದ ಗಂಟೆಗಳೇ ಹಾಗೆ ಕಸದಬುಟ್ಟಿಗೆ ಹೋಗುತ್ತವೆ. ಮೂಲ ಕಡತಕ್ಕೆ ಕೈ ಹಚ್ಚಬೇಡಿ. ಅನುಮಾನವಿದ್ದರೆ ಪಕ್ಕದ ಕಾಲಂನಲ್ಲಿ ಗುರುತು ಹಾಕಿ, ಕಾರಣ ಬರೆಯಿರಿ, ಯಾರು ಹಾಕಿದ್ದೆಂದೂ ಬರೆಯಿರಿ. ಕೇಂದ್ರದ ಡೈರಿಯಲ್ಲಿ "ಎದುರು ರಸ್ತೆ ಅಗೆತ ಇಂದು ಶುರು", "ಪಂಪು ಬದಲಿಸಿದೆ", "ಮಧ್ಯಾಹ್ನ ಎರಡರಿಂದ ನಾಲ್ಕು ಕರೆಂಟಿಲ್ಲ" ಎಂಬ ಸಾಲುಗಳಿದ್ದರೆ ಆರು ತಿಂಗಳ ನಂತರ ಆ ಏರಿಳಿತಕ್ಕೆ ಕಾರಣ ಹುಡುಕುವವರ ಒಂದು ವಾರ ಉಳಿಯುತ್ತದೆ. ಡೈರಿ ಕನ್ನಡದಲ್ಲಿದ್ದರೆ ಇನ್ನೂ ಒಳ್ಳೆಯದು. ಫಿಲ್ಟರ್ ಬದಲಿಸಲು ಬರುವ ಹುಡುಗ ಇಂಗ್ಲಿಷಿನಲ್ಲಿ "ಓಕೆ" ಎಂದಷ್ಟೇ ಬರೆಯುತ್ತಾನೆ. ಕನ್ನಡದಲ್ಲಾದರೆ ಕೊಳವೆಯ ಒಳಗೆ ಏನು ಕಂಡ ಎಂದೂ ಬರೆಯುತ್ತಾನೆ.